ಅಲುಗಾಡಿದರೆ ಕೆಂಪು

"ಮತ್ತೆ ಅಲುಗಾಡಿದ್ರಿ," ಎಂದಳು ಟೆಕ್ನಿಷಿಯನ್, ಗಾಜಿನ ಈಚೆಯಿಂದ ಮೈಕಿನ ಬಟನ್ ಒತ್ತಿ.

"ಇಲ್ಲ ಮೇಡಂ, ಕಲ್ಲಿನ ಹಾಗೆ ಬಿದ್ದಿದೀನಿ," ಎಂದ ಟೈಲರ್, ಎಂಆರ್‌ಐ ಕೊಳವೆಯೊಳಗಿಂದ.

ಪರದೆ ಬೇರೆಯೇ ಹೇಳುತ್ತಿತ್ತು. ಅವನ ತೊಡೆಗೆ ಸುತ್ತಿದ್ದ ಆಂಟೆನಾಗಳು ಒಳಗಿನ ಗಡ್ಡೆಗೆ ಹದವಾಗಿ ಶಾಖ ಕೊಡುತ್ತಿದ್ದವು. ಎಷ್ಟು ಬಿಸಿಯಾಯಿತೆಂದು ಸ್ಕ್ಯಾನರ್ ಬಣ್ಣದಲ್ಲಿ ತೋರಿಸುತ್ತಿತ್ತು, ಶಾಖಕ್ಕೆ ಮುಂಚೆ ತೆಗೆದ ಮೊದಲ ಚಿತ್ರದೊಂದಿಗೆ ಹೋಲಿಸಿ. ಕಾಲು ಚೂರು ಸರಿದರೂ ಇಲ್ಲದ ಬಿಸಿ ಕೆಂಪಾಗಿ ಹರಡುತ್ತಿತ್ತು. ಆಗ ಎಲ್ಲ ನಿಲ್ಲಿಸಿ, ತಣಿಯಲು ಬಿಟ್ಟು, ಮೊದಲಿಂದ ಶುರುಮಾಡಬೇಕು.

"ಅಳತೆ ತಗೊಳ್ಳುವಾಗ ನಾನೂ ಗಿರಾಕಿಗಳಿಗೆ ಹೀಗೇ ಗದರೋದು."

ಅವಳು ತುಟಿ ಕಚ್ಚಿ ನಗು ತಡೆದಳು. ಅವನಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಮುಂಗುರುಳು ಸರಿಮಾಡಿಕೊಂಡಳು.

ಪ್ರತಿ ಸಲವೂ ಹೀಗೇ. ಒಂದು ದಿನ ಕಾರಣ ಬಾಯಿಬಿಟ್ಟವಳು ಅವನ ಅಕ್ಕ, ಸ್ಕ್ಯಾನರ್ ಬಳಿ ಲೋಹ ಒಯ್ಯಬಾರದೆಂದು ತಮ್ಮನ ಕಾಲರಿನ ಗುಂಡುಸೂಜಿಗಳನ್ನು ಕಿತ್ತಿಡುತ್ತಾ. ಅಲುಗಾಡಿದರೆ ಮಾತ್ರ ಮೇಡಂ ಮಾತಾಡುತ್ತಾರಂತೆ, ಎಂದು ನಕ್ಕಳು.

ಟೆಕ್ನಿಷಿಯನ್‌ಗೆ ನಗು ಬರಲಿಲ್ಲ. ಸೀದಾ ಡಾಕ್ಟರರ ಬಳಿ ಓಡಿ, ನಡುವೆ ಶಾಖ ನಿಂತದ್ದರಿಂದ ಏನಾದರೂ ಆಯಿತೇ ಎಂದು ಕೇಳಿದಳು. ಇಲ್ಲಮ್ಮ, ಎಂದರು ಅವರು. ರೋಗ ಮೊದಲೇ ಶ್ವಾಸಕೋಶಕ್ಕೆ ಹೋಗಿದೆ. ಇನ್ನೊಂದೇ ಸಲ, ನೋವು ತಗ್ಗಲಿ ಅಂತ. ಆಮೇಲೆ ಅಕ್ಕ ಅವನನ್ನು ತನ್ನೂರಿಗೆ ಕರೆದೊಯ್ಯುತ್ತಾಳೆ.

ಆ ಕೊನೆಯ ಸಲ, ಕಾಲಿಗೆ ಪಟ್ಟಿ ಬಿಗಿಯುವಾಗ ಅವಳು ಮೆಲ್ಲಗೆ ಹೇಳಿದಳು. "ಇವತ್ತು ಅಲುಗಾಡಬೇಡಿ. ನಿಮ್ಮ ನೋವು ಕಮ್ಮಿ ಆಗ್ಬೇಕು."

ಅವನು ಅವಳ ಮುಖವನ್ನೇ ನೋಡಿದ. "ಅಕ್ಕನ ಬಾಯಿಗೆ ಹೊಲಿಗೆ ಹಾಕ್ಬೇಕಿತ್ತು," ಎಂದ. "ಆಯ್ತು. ಅಲುಗಾಡಲ್ಲ."

ಮಾತು ಉಳಿಸಿಕೊಂಡ. ಗಡ್ಡೆಯ ಮೇಲಷ್ಟೇ ಕೆಂಪು, ಸುತ್ತ ತಣ್ಣನೆ ನೀಲಿ. ಅಷ್ಟು ಅಚ್ಚುಕಟ್ಟಾದ ಚಿತ್ರ ಎಂದೂ ಬಂದಿರಲಿಲ್ಲ. ಬಟನ್ ಒತ್ತಲು ಅವಳಿಗೆ ಒಂದು ನೆಪವೂ ಸಿಗಲಿಲ್ಲ.

ಹೊತ್ತು ಮುಗಿಯಿತು. ಶಾಖ ನಿಲ್ಲಿಸಿದಳು. ಕಾಲು ತಣಿಯುವ ಚಿತ್ರಗಳು ಇನ್ನೂ ಒಂದೊಂದಾಗಿ ಬರುತ್ತಿದ್ದವು. ಆಗ ಬಟನ್ ಒತ್ತಿದಳು.

"ನೀವು ಅಲುಗಾಡಿಲ್ಲ. ಆದ್ರೂ ಮಾತಾಡ್ತಿದೀನಿ. ಮೊದಲೇ ಮಾತಾಡಬೇಕಿತ್ತು. ನೀವು ಬರೋ ದಿನಕ್ಕೇ ನಾನು ಕಾಯ್ತಿದ್ದೆ."

ಮುಂದಿನ ಚಿತ್ರದಲ್ಲಿ ನೀಲಿಯ ತುಂಬ ಕೆಂಪು ಹರಡಿತು. ಅದರ ಮುಂದಿನದರಲ್ಲಿ ಇನ್ನಷ್ಟು. ಬಿಕ್ಕುವವನ ಮೈ ಎಲ್ಲಿ ನಿಲ್ಲುತ್ತದೆ?

ಇಂಥ ಕೆಟ್ಟ ಚಿತ್ರಗಳನ್ನು ಅವಳು ತಕ್ಷಣ ಅಳಿಸುತ್ತಿದ್ದಳು. ಇವತ್ತು ಕೈ ಏಳಲಿಲ್ಲ.

"ಪರವಾಗಿಲ್ಲ," ಎಂದಳು ಮೈಕಿಗೆ. "ಅಲುಗಾಡಿ."