ನಡುವಿನ ಹಾಡು ಕೇಳದವನು

ನಾನು ರಿಪೇರಿ ಅಂಗಡಿಯಲ್ಲಿ ತಲೆ ಬಗ್ಗಿಸಿ ಒಂದು ಟೇಪ್ ಡೆಕ್ಕಿನ ಹೆಡ್ ಒರೆಸುತ್ತಿದ್ದೆ. ಕೌಂಟರಿನ ಮೇಲೆ ಒಂದು ಕೈ ಬಂತು. ಆ ಕೈ ಹಳೆಯ ಟೇಪ್ ಪ್ಲೇಯರ್ ಇಟ್ಟಿತು, ಅದರ ಪಕ್ಕಕ್ಕೆ ಒಂದು ಕ್ಯಾಸೆಟ್ ಇಟ್ಟಿತು. ಕಿರುಬೆರಳು ಒಳಕ್ಕೆ ಬಾಗಿತ್ತು.

ಇಪ್ಪತ್ತೊಂಬತ್ತು ವರ್ಷದಲ್ಲಿ ಮುಖ ಬದಲಾಗುತ್ತದೆ. ಬೆರಳು ಬದಲಾಗಿರಲಿಲ್ಲ.

"ಚೆಕ್ಕರ್ ಸಾಹೇಬ್ರು ಇನ್ನೂ ಟೇಪಿನ ಬೆನ್ನು ಬಿಟ್ಟಿಲ್ವಾ?" ಎಂದಳು ಲೀಲಾವತಿ.

ಎದ್ದು ನಿಂತೆ. ಡಬ್ಬಿ ಉರುಳಿ ಸ್ಕ್ರೂಗಳು ನೆಲವೆಲ್ಲ ಚೆಲ್ಲಾಡಿದವು. ಅವಳು ನಗಲಿಲ್ಲ. ಮೊದಲಾಗಿದ್ದರೆ ಒಂದು ವಾರ ಅದನ್ನೇ ಹೇಳಿಕೊಂಡು ನಗುತ್ತಿದ್ದಳು.

"ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಪ್ಲೇಯರ್ ಸರಿ ಮಾಡಿ. ಆಮೇಲೆ ಈ ಟೇಪಿನ ಬಿ ಸೈಡ್, ಮೂರನೇ ಹಾಡಿನ ನಡುವೆ ಇರೋದನ್ನ ಅಳಿಸಿ ಕೊಡಿ."

"ಏನಿದೆ ಅದರಲ್ಲಿ?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ನಾಟಕ ಬೇಡ ಈಶ್ವರಪ್ಪನವರೇ. ಇಬ್ಬರಿಗೂ ವಯಸ್ಸಾಯ್ತು."

ನನಗೂ ಕೋಪವಿತ್ತು. ಇಷ್ಟು ವರ್ಷ ಒಲೆಯ ಬೂದಿಯಲ್ಲಿ ಕೆಂಡ ಮುಚ್ಚಿಟ್ಟ ಹಾಗೆ ಇಟ್ಟುಕೊಂಡಿದ್ದೆ. "ನಾಟಕ ಆಡಿದ್ದು ನಾನಾ?" ಎಂದೆ. "ಶನಿವಾರ ನಕ್ಕು ಹೋದವರು ಸೋಮವಾರ ಬರಲಿಲ್ಲ. ತಿಂಗಳಿಗೆ ಫ್ಯಾಕ್ಟರಿಗೆ ಲಗ್ನಪತ್ರಿಕೆ ಬಂತು. ಸೆಂಟ್ರಲ್ ಗೌರ್ಮೆಂಟಿನ ವರ. ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಲಿಲ್ವಾ?" ಅವಳ ಧ್ವನಿ ಸಣ್ಣದಾಯಿತು. "ನಾನು ಹೇಳಲಿಲ್ವಾ?"

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು.

ಆಗ ದೆಹಲಿ ಪಕ್ಕದ ಘಾಜಿಯಾಬಾದಿನ ಹೊರಗೆ ಒಂದು ಕ್ಯಾಸೆಟ್ ಫ್ಯಾಕ್ಟರಿ ಇತ್ತು. ಭಜನೆ, ಗಜಲ್ ಎಲ್ಲ ಅಚ್ಚಾಗುತ್ತಿತ್ತು. ಆಮೇಲೆ ಹೊರದೇಶದ ಹಾಡುಗಳೂ ಬಂದವು. ನಾಲ್ಕು ಹುಡುಗರು, ಮೂರು ಗಿಟಾರು, ಗಂಟಲು ಕಿತ್ತು ಬರುವ ಕೂಗು. ಇವತ್ತು ಗುರುಗ್ರಾಮದಿಂದ ಡೆಕ್ ರಿಪೇರಿಗೆ ತರುವ ಮಕ್ಕಳು ಅದನ್ನು ಆಲ್ಟರ್ನೇಟಿವ್, ಇಂಡೀ ಎನ್ನುತ್ತಾರೆ. ಕೇಳಲೇಬೇಕಾದ ಆಲ್ಬಮ್ಮುಗಳು ಎಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ನಾವು ಅದನ್ನು 'ಗಲಾಟೆ ಮಾಲು' ಎನ್ನುತ್ತಿದ್ದೆವು.

ನಾನು ಐದನೇ ಕ್ಲಾಸಿಗೆ ಓದು ಬಿಟ್ಟವನು. ಕಿವಿ ಮಾತ್ರ ಚುರುಕಾಗಿತ್ತು. ಅದಕ್ಕೇ ಚೆಕ್ಕರ್ ಮಾಡಿದರು. ಟೇಪ್ ಓಡುವ ವೇಗ ಸರಿಯಿದೆಯೇ, ಗರಗರ ಇದೆಯೇ ಎಂದು ಕೇಳಿ ಓಕೆ ಇಲ್ಲವೇ ರಿಜೆಕ್ಟ್ ಸೀಲ್ ಒತ್ತಬೇಕು. ದಿನಕ್ಕೆ ಇನ್ನೂರು. ಪ್ರತಿ ಸೈಡಿನ ಮೊದಲ ಅರ್ಧ ನಿಮಿಷ, ಕೊನೆಯ ಅರ್ಧ ನಿಮಿಷ, ಅಷ್ಟೇ. ಲೋಕದ ಎಷ್ಟೋ ಆಲ್ಬಮ್ಮುಗಳ ಶುರು ನನಗೆ ಗೊತ್ತು, ಕೊನೆ ಗೊತ್ತು. ನಡುವೆ ಏನಿದೆ ಎಂದು ಗೊತ್ತಿಲ್ಲ.

ಲೀಲಾವತಿ ಆಫೀಸಿನಲ್ಲಿ ಹಾಡಿನ ಹೆಸರುಗಳನ್ನು ಟೈಪ್ ಮಾಡುತ್ತಿದ್ದಳು. ಪ್ರತಿ ಮಾಲಿನ ಮೊದಲ ಕ್ಯಾಸೆಟ್ಟನ್ನು ನನ್ನ ಟೇಬಲ್ಲಿಗೆ ತರುವುದು, ಸೀಲ್ ಬಿದ್ದ ಮೇಲೆ ಒಯ್ಯುವುದು ಅವಳ ಕೆಲಸ. ಅವಳಪ್ಪ ಕೃಷಿ ಭವನದಲ್ಲಿ ಕ್ಲರ್ಕು. ಇಡೀ ಫ್ಯಾಕ್ಟರಿಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ.

ಊಟದ ಹೊತ್ತಿನಲ್ಲಿ ಒಂದೇ ಹೆಡ್‌ಫೋನಿನ ಒಂದೊಂದು ಬದಿಗೆ ಕಿವಿ ಆನಿಸಿ ಕೂರುತ್ತಿದ್ದೆವು.

"ಇವನು ಯಾಕೆ ಹೀಗೆ ಅರಚ್ತಾನೆ?" ಎನ್ನುತ್ತಿದ್ದೆ ನಾನು.

"ಹುಡುಗಿ ಮಾತಾಡಿಸಲಿಲ್ವಂತೆ."

"ಅಷ್ಟಕ್ಕೇ ಮೂರು ಗಿಟಾರಾ?"

ಅವಳು ನಕ್ಕರೆ ಹೆಡ್‌ಫೋನ್ ಜಾರುತ್ತಿತ್ತು. ಅದನ್ನು ಹಿಡಿಯುವ ನೆಪದಲ್ಲಿ ಬೆರಳಿಗೆ ಬೆರಳು ತಾಗುತ್ತಿತ್ತು. ಅವಳು ತೆಗೆಯುತ್ತಿರಲಿಲ್ಲ. ನಾನೂ ತೆಗೆಯುತ್ತಿರಲಿಲ್ಲ. ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆವು.

ಒಂದು ದಿನ ಕೇಳಿದಳು, "ನೀವು ಎಲ್ಲಾ ಆಲ್ಬಮ್ಮೂ ಪೂರ್ತಿ ಕೇಳ್ತೀರಾ?"

ಓದಿದ ಹುಡುಗಿ. ನನ್ನ ಹತ್ತಿರ ತೋರಿಸಿಕೊಳ್ಳಲು ಇದ್ದದ್ದು ಕಿವಿಯೊಂದೇ. "ಪೂರ್ತಿ ಕೇಳದೆ ನಾನು ಸೀಲ್ ಒತ್ತೋನಲ್ಲ," ಎಂದೆ. ಆಮೇಲೆ ಅವಳು ನಾಲ್ಕನೇ ಹಾಡು ಹೇಗಿತ್ತು, ಐದನೆಯದು ಹೇಗಿತ್ತು ಎಂದು ಕೇಳುವಳು. "ಚೆನ್ನಾಗಿದೆ, ಸ್ವಲ್ಪ ಗಲಾಟೆ ಜಾಸ್ತಿ," ಎನ್ನುತ್ತಿದ್ದೆ. ಯಾವ ಹಾಡಿಗೂ ಅದು ಒಪ್ಪುತ್ತಿತ್ತು.

ಈಗ ಅವಳು ತಂದಿದ್ದ ಕ್ಯಾಸೆಟ್ಟಿನ ಮೇಲೆ ಒಂದು ಒಣಗಿದ ಕೊಳದ ಚಿತ್ರ. ಕೊಳದ ನಡುವೆ ಕೆಂಪು ಸೈಕಲ್ಲು. ಲೇಬಲ್ಲಿನ ಮೇಲೆ ನೇರಳೆ ಬಣ್ಣದ ಓಕೆ ಸೀಲು ಮಾಸಿತ್ತು. ನನ್ನದೇ ಸೀಲು. ತಿರುಗಿಸಿ ಬೆನ್ನು ನೋಡಿದೆ. ಕಂಪನಿ ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ತೂತು ಇರುತ್ತವೆ, ಅದರ ಮೇಲೆ ಯಾರೂ ರೆಕಾರ್ಡ್ ಮಾಡಬಾರದೆಂದು. ಒಂದು ತೂತಿಗೆ, ಮತ್ತೆ ರೆಕಾರ್ಡ್ ಆಗುವ ಹಾಗೆ, ಗಮ್ ಟೇಪ್ ಅಂಟಿಸಿತ್ತು. ಅದು ಹಳದಿಗಟ್ಟಿತ್ತು.

"ನೀವು ಇದರಲ್ಲಿ ಮಾತು ತುಂಬಿದ್ರಾ?"

"ನೀವು ಪೂರ್ತಿ ಕೇಳೋರಲ್ವಾ?" ಎಂದಳು. "ಕೇಳಿ ತಾನೇ ಸೀಲ್ ಒತ್ತಿದ್ದು?"

ನಾನು ಬಗ್ಗಿ ಕೂತೆ. ನೆಲದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸತೊಡಗಿದೆ. ಅವಳಿಗೆ ಅರ್ಥವಾಗುವುದಕ್ಕೆ ಅಷ್ಟು ಹೊತ್ತು ಬೇಕಾಯಿತು.

"ಅಯ್ಯೋ," ಎಂದಳು. "ಅಯ್ಯೋ ಮಹಾರಾಯರೇ!"

ಅಂಗಡಿಯ ಡೆಕ್ಕಿಗೆ ಕ್ಯಾಸೆಟ್ ಹಾಕಿ ಮೂರನೇ ಹಾಡಿಗೆ ತಂದೆ. ಗಿಟಾರು, ಡ್ರಮ್ಮು. ಆಮೇಲೆ ಟಕ್ ಎಂದು ಹಾಡು ನಿಂತಿತು. ಟೇಪಿನೊಳಗೆ ದೂರದಲ್ಲಿ ಕುಕ್ಕರ್ ಕೂಗಿತು. ಇಪ್ಪತ್ತನಾಲ್ಕು ವರ್ಷದ ಲೀಲಾವತಿ ಮಾತಾಡಿದಳು.

"ಈಶ್ವರಪ್ಪನವರೇ, ಹಾಡು ಕೆಡಿಸಿದೆ ಅಂತ ಬೈಬೇಡಿ. ಮುಂದಿನ ವಾರ ಮನೆಗೆ ಹುಡುಗನ ಕಡೆಯವರು ಬರ್ತಿದಾರೆ. ಎದುರಿಗೆ ನಿಂತು ಹೇಳೋಕೆ ನಾಚಿಕೆ. ನೀವು ಪೂರ್ತಿ ಕೇಳ್ತೀರಲ್ಲ, ಅದಕ್ಕೇ ಇಲ್ಲಿ ಹೇಳ್ತಿದೀನಿ. ಭಾನುವಾರ ಹತ್ತಕ್ಕೆ ಶಿವಾಜಿ ಸ್ಟೇಡಿಯಂ ಬಸ್ ಸ್ಟ್ಯಾಂಡಿಗೆ ಬನ್ನಿ. ಇಬ್ಬರೂ ಸೇರಿ ಅಪ್ಪನ ಹತ್ರ ಹೋಗೋಣ. ಬರೋದಾದ್ರೆ ಓಕೆ ಒತ್ತಿ. ಇಲ್ಲಾಂದ್ರೆ ರಿಜೆಕ್ಟ್ ಒತ್ತಿ, ನಾನೇನೂ ಅಂದ್ಕೊಳ್ಳಲ್ಲ. ನೀಲಿ ಅಂಗಿ ಹಾಕ್ಕೊಂಡು ಬನ್ನಿ."

ಒಂದು ಸಣ್ಣ ನಗು. ಮತ್ತೆ ಗಿಟಾರು.

"ಎರಡು ಗಂಟೆವರೆಗೂ ನಿಂತಿದ್ದೆ," ಎಂದಳು ಈಗಿನ ಲೀಲಾವತಿ. "ಕಡಲೆಕಾಯಿ ಮಾರೋ ಭಯ್ಯಾ ಕೇಳಿದ, ದೀದಿ, ಕೌನ್ ಆನೇವಾಲಾ ಹೈ, ಯಾರು ಬರಬೇಕು ಅಂತ. ಓಕೆ ಅಂತ ಒತ್ತಿ ಬರದೇ ಹೋದೋನು ಎಂಥ ಮನುಷ್ಯ ಅಂತ ಯೋಚನೆ ಮಾಡ್ತಾನೇ ಮದುವೆ ಆದೆ. ರಿಜೆಕ್ಟ್ ಒತ್ತಿದ್ರೆ ಮರೀತಿದ್ದೆ."

ಆ ಭಾನುವಾರ ನಾನು ಎಲ್ಲಿದ್ದೆ ಎಂದು ನನಗೆ ಚೆನ್ನಾಗಿ ನೆನಪಿದೆ. ಸಾಹಿಬಾಬಾದಿನ ರೂಮಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಸೋಮವಾರ ಅವಳೆದುರು ಹಾಕಿಕೊಳ್ಳಲು ಅದೇ ನೀಲಿ ಅಂಗಿ.

ಅದನ್ನು ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಷ್ಟು ದಿನ ಇಟ್ಟುಕೊಂಡಿದ್ದು ಯಾಕೆ?"

"ಅಳಿಸೋಕೂ ಕೈ ಬರಲಿಲ್ಲ, ಕೇಳೋಕೂ ಆಗಲಿಲ್ಲ. ಟ್ರಂಕಿನಲ್ಲಿ ಇತ್ತು. ಯಜಮಾನರು ಹೋಗಿ ನಾಲ್ಕು ವರ್ಷ. ಒಳ್ಳೆಯವರೇ. ಮಗಳು ಧಾರಿಣಿಗೆ ಈ ಇಂಡೀ ಹುಚ್ಚು. ಟ್ರಂಕಿನಲ್ಲಿ ಇದನ್ನ ಕಂಡು ಕುಣಿದಳು. ಮಮ್ಮೀ, ಯೇ ತೋ ಮಿಲ್ತಾ ಹೀ ನಹೀಂ, ಇದು ಎಲ್ಲೂ ಸಿಗೋದೇ ಇಲ್ಲ ಅಂತ. ಎ ಸೈಡ್ ಕೇಳುವಾಗಲೇ ಪ್ಲೇಯರಿನ ಬೆಲ್ಟ್ ಹೋಯ್ತು, ದೇವರು ದೊಡ್ಡವನು. ಘಾಜಿಯಾಬಾದಿನಲ್ಲಿ ಒಬ್ಬ ಕನ್ನಡದ ಅಂಕಲ್ ರಿಪೇರಿ ಮಾಡ್ತಾರಂತೆ ಅಂತ ನಿಮ್ಮ ಕಾರ್ಡ್ ತೋರಿಸಿದಳು. ಹೆಸರು ನೋಡಿ ನಾನೇ ಕಿತ್ಕೊಂಡು ಬಂದೆ. ನಿಮ್ಮ ಮುಖ ಒಂದ್ಸಲ ನೋಡಬೇಕು ಅನ್ನಿಸ್ತು."

"ಎಲ್ಲಿಂದ ಬಂದ್ರಿ?"

"ದೆಹಲಿಯ ರೋಹಿಣಿ ಬಡಾವಣೆಯಿಂದ. ಒಂದೇ ಮೆಟ್ರೋ. ಎಲ್ಲೂ ಬದಲಾಯಿಸಬೇಕಿಲ್ಲ."

ನನಗೂ ಮದುವೆಯಾಗಿತ್ತು ಎಂದೆ. ದೇವಕಿ ಎಂದು. ಒಳ್ಳೆಯ ಹೆಂಗಸು, ಮೆಲ್ಲಗೆ ಮಾತಾಡುತ್ತಿದ್ದಳು. ಅವಳ ಮಾತನ್ನೂ ನಾನು ಶುರು ಮತ್ತು ಕೊನೆ ಮಾತ್ರ ಕೇಳಿದೆ. ಅವಳು ಹೋದ ಮೇಲೆ ಅದು ಗೊತ್ತಾಯಿತು. ಅದನ್ನೂ ಹೇಳಿದೆ. ಲೀಲಾವತಿ ಪ್ಲೇಯರನ್ನು ನನ್ನತ್ತ ಸರಿಸಿದಳು.

ಪ್ಲೇಯರಿಗೆ ಹೊಸ ಬೆಲ್ಟ್ ಹಾಕಿದೆ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದೆ.

"ಅಳಿಸೋ ಮೊದಲು ನನಗೊಂದು ಕಾಪಿ ತೆಗೀಲಾ?"

"ಬೇಡ," ಎಂದಳು. "ಟೇಪಿನಲ್ಲಿರೋ ಆ ಹುಡುಗಿ ನಿಮ್ಮ ಹತ್ರ ಒಬ್ಬಳೇ ಇರೋದು ಬೇಡ. ಅವಳು ಇನ್ನೂ ನಿಮ್ಮನ್ನ ನಂಬ್ತಾಳೆ."

ಹಳೆಯ ಸದ್ದು ಅಳಿಸುವ ರೆಕಾರ್ಡ್ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಬಾಗಿದ ಕಿರುಬೆರಳಿನ ಆ ಕೈ ನನ್ನ ಕೈಯ ಮೇಲೆ ಬಂತು. ಇಬ್ಬರೂ ಸೇರಿ ಒತ್ತಿದೆವು.

"ಸರಿಯಾಗಿ ಅಳಿಸಿದೆಯಾ ನೋಡಿ."

ಅಭ್ಯಾಸ ಬಲ, ಟೇಪನ್ನು ಕೊನೆಗೆ ಓಡಿಸಲು ಹೋದೆ. ಅವಳು ತಡೆದಳು. "ಮೊದಲಿಂದ. ಪೂರ್ತಿ."

ಪೂರ್ತಿ ಕೇಳಿದೆವು. ಎರಡನೇ ಹಾಡು ನನಗೆ ಹೊಸದು. ಗಲಾಟೆಯೇ ಇಲ್ಲ. ಒಂದೇ ಗಿಟಾರು, ಪಿಸುಮಾತಿನಂತೆ ಹಾಡು.

"ಏನಂತೆ ಇವನಿಗೆ?" ಎಂದೆ.

"ಬಾಗಿಲು ತಟ್ಟಿದಾನಂತೆ. ಒಳಗೆ ದೀಪ ಇದೆ, ಯಾರೂ ತೆಗೀತಿಲ್ವಂತೆ."

"ಇದನ್ನ ಆವಾಗ ಕೇಳಬೇಕಿತ್ತು."

"ಹೌದು."

ಮೂರನೇ ಹಾಡಿನ ನಡುವೆ ಸದ್ದು ಹೋಯಿತು. ಟೇಪು ಸುಮ್ಮನೆ ಓಡುತ್ತಿತ್ತು. ಅವಳು ಸೈಕಲ್ಲಿನ ಚಿತ್ರ ನೋಡುತ್ತಿದ್ದಳು. ನಾನು ಅವಳ ಕಿವಿಯ ಪಕ್ಕದ ಬಿಳಿ ಕೂದಲು ನೋಡುತ್ತಿದ್ದೆ. ಆಮೇಲೆ ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಈ ಸಲ ಗೋಡೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ಗಿಟಾರು ಮತ್ತೆ ಬರುವವರೆಗೂ ಇಬ್ಬರೂ ಕಣ್ಣು ಕದಲಿಸಲಿಲ್ಲ.

ಕೊನೆಯ ಹಾಡು ಮುಗಿಯಿತು.

"ಓಕೆನಾ, ಚೆಕ್ಕರ್ ಸಾಹೇಬ್ರೇ?"

"ಓಕೆ."

"ಈ ಸಲ ಕೇಳಿ ಹೇಳ್ತಿದೀರಿ."

"ನಡುವೆ ಯಾಕೆ ಸದ್ದಿಲ್ಲ ಅಂತ ಮಗಳು ಕೇಳಿದರೆ?"

"ಫ್ಯಾಕ್ಟರಿ ತಪ್ಪು ಅಂತೀನಿ."

"ಚೆಕ್ ಮಾಡಿದವನ ತಪ್ಪು ಅನ್ನಿ. ಹೆಸರು ಹೇಳಬೇಡಿ."

ಅವಳು ಪ್ಲೇಯರನ್ನು ಚೀಲಕ್ಕೆ ಇಳಿಸಿದಳು. ಚಪ್ಪಲಿ ಮೆಟ್ಟಿ, "ಚಲೋ, ಬರ್ತೀನಿ," ಎಂದು ಮೆಟ್ಟಿಲ ಬಳಿ ನಿಂತಳು.

"ಇನ್ನೊಮ್ಮೆ ಬರ್ತೀರಾ?"

ಅವಳು ಚೀಲವನ್ನು ಸ್ವಲ್ಪ ಎತ್ತಿ ತೋರಿಸಿದಳು. "ಇದು ಕೆಟ್ಟರೆ ಬರಲೇಬೇಕಲ್ಲ. ಎಷ್ಟು ದಿನ ಬಾಳುತ್ತೆ ಬೆಲ್ಟು?"

ಒಂದು ತಿಂಗಳು ಎನ್ನಬಹುದಿತ್ತು. ಎರಡು ತಿಂಗಳು ಎನ್ನಬಹುದಿತ್ತು.

"ಒಳ್ಳೆ ಬೆಲ್ಟು ಹಾಕಿದೀನಿ," ಎಂದೆ. "ಹತ್ತು ವರ್ಷಕ್ಕೆ ಮೋಸ ಇಲ್ಲ."

ಲೀಲಾವತಿ ನಕ್ಕಳು. ಹೆಡ್‌ಫೋನ್ ಜಾರಿಸುತ್ತಿದ್ದ ಅದೇ ನಗು, ಕಣ್ಣು ಮಾತ್ರ ತುಂಬಿತ್ತು.

"ಇವತ್ತೊಂದು ದಿನ ಸುಳ್ಳು ಹೇಳಬಾರದಿತ್ತಾ ಈಶ್ವರಪ್ಪನವರೇ?" ಎಂದು ಮೆಟ್ಟಿಲು ಇಳಿದಳು.