ಶಿರೂರಿಗೆ ಹೋದ ತೆಳು ಗೆರೆ

"ಹ್ವಾಯ್... ನಮ್ ಶಿರೂರಿನ ಗೆರೆ ಎಂತಕ್ಕೆ ಅಳ್ಸಿದ್ರಿ?"

ಕುಂದಾಪುರದ ಆರೋಗ್ಯ ಇಲಾಖೆಯ ಸಭೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಕೇಳಿದ್ದು ಶಿರೂರಿನ ನರ್ಸ್ ರಮ್ಯಶ್ರೀ. ಪರದೆಯ ಪಕ್ಕ ನಿಂತಿದ್ದ ಸಂಶೋಧಕ ನಿತೇಶ್ ನಕ್ಕ.

ಅದು 2009, ಹಂದಿಜ್ವರದ ವರ್ಷ. ಜ್ವರ ಯಾವ ಊರಿಗೆ ಹೇಗೆ ಹರಡಬಹುದೆಂದು ಅವನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದ. ಪರದೆಯ ಮೇಲೆ ಒಂದೊಂದು ಊರೂ ಒಂದೊಂದು ಚುಕ್ಕಿ. ಜನರ ಓಡಾಟವೇ ಗೆರೆ.

"ಎಲ್ಲಾ ಗೆರೆ ಇಟ್ರೆ ಲೆಕ್ಕ ಮುಗಿತಿಲ್ಲೆ ಮಾರಾಯ್ರೆ. ಅಪ್ರೂಪಕ್ಕೆ ಹೋಯಿ ಬಪ್ಪವ್ರ ಗೆರೆ ಬಿಟ್ಟೆ, ಅಷ್ಟೇ."

ಆ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಆ ನಗು...!

ಆಮೇಲೆ ನಿತೇಶ್ ಬ್ರಹ್ಮಾವರದಿಂದ ಅಪರೂಪಕ್ಕೊಮ್ಮೆ ಶಿರೂರಿಗೆ ಬರತೊಡಗಿದ. ಮಾಹಿತಿ ಬೇಕೆಂಬುದು ನೆಪ. ರಮ್ಯಳ ತಾಯಿ ಸರೋಜ ಅವನಿಗೆ ನೀರುದೋಸೆ ಬಡಿಸುತ್ತಿದ್ದರು.

ಒಮ್ಮೆ ಫೋನಿನಲ್ಲಿ ಅವನೆಂದ, "ಇವತ್ತ್ ಬತ್ತಿಲ್ಲೆ. ಸ್ವಲ್ಪ ಕೆಮ್ಮು."

"ಕೆಮ್ಮು ತಾನೆ? ಬನಿ..." ಎಂದಳು ರಮ್ಯ. ಅವನು ಬಂದ.

ಕೆಲವೇ ದಿನಗಳಲ್ಲಿ ಸರೋಜರಿಗೆ ಜ್ವರ ಏರಿತು. ಶಿರೂರಿನ ಆಸ್ಪತ್ರೆಯ ಕಪಾಟಿನಲ್ಲಿ ಹಂದಿಜ್ವರದ ಒಂದು ಮಾತ್ರೆಯೂ ಇರಲಿಲ್ಲ. ನಿತೇಶನ ಲೆಕ್ಕ ನಂಬಿ ಎಲ್ಲವನ್ನೂ ಕುಂದಾಪುರ, ಬ್ರಹ್ಮಾವರಕ್ಕೆ ಹಂಚಿಯಾಗಿತ್ತು. ಶಿರೂರಿಗೆ ಜ್ವರ ಬರುವುದೇ ಇಲ್ಲವೆಂದು ಲೆಕ್ಕ ಹೇಳಿತ್ತಲ್ಲ!

ದೊಡ್ಡ ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗಿತ್ತು. ಎಷ್ಟೋ ರೋಗಿಗಳ ಹಣೆ ಮುಟ್ಟಿ ನೋಡಿದವಳು ಗಾಜಿನಾಚೆ ಮಲಗಿದ್ದ ಅಮ್ಮನನ್ನು ಮುಟ್ಟಲಾರದೆ ನಿಂತಳು.

ಅಮ್ಮ ಉಳಿಯಲಿಲ್ಲ.

ನಿತೇಶ್ ಬರಲಿಲ್ಲ. ಫೋನೂ ಎತ್ತಲಿಲ್ಲ. 'ಇಷ್ಟೇನಾ ಇವರ ಪ್ರೀತಿ?' ರಮ್ಯ ಒಳಗೊಳಗೇ ಕುಸಿದಳು.

ಮಳೆಗಾಲ ಕಳೆದ ಮೇಲೆ ಅವಳೇ ಬ್ರಹ್ಮಾವರಕ್ಕೆ ಹೋದಳು. ಜಗಲಿಯಲ್ಲಿ ಕುಳಿತಿದ್ದ ಅವನು ಅವಳನ್ನು ಕಂಡು ಎದ್ದು ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು.

"ಬಿಟ್ಟ ಗೆರೆ ಎಲ್ಲಾ ವಾಪಾಸ್ ಹಾಕಿ ಕಂಡೆ, ರಮ್ಯ. ಜ್ವರ ಸೀದಾ ಶಿರೂರಿಗೇ ಬತ್ತ್... ಅದ್ರಲ್ಲಿ ಒಂದ್ ಗೆರೆ ನಂದೇ. ನಾನ್ ನಿಮ್ಮನಿಗೆ ಬಪ್ಪ ಗೆರೆ."

"ಅಮ್ಮಂಗೆ ಜ್ವರ ತಂದದ್ ನೀವೇಯಾ?"

"ಗೊತ್ತಿಲ್ಲೆ... ಯಾವತ್ತೂ ಗೊತ್ತಾತಿಲ್ಲೆ. ಅದ್ಕೇ ನಿನ್ ಎದ್ರಿಗೆ ಬಪ್ಪ ಧೈರ್ಯ ಬರ್ಲಿಲ್ಲ."

ಬೈಯಬೇಕೆಂದೇ ಅವಳು ಬಂದಿದ್ದಳು. ಆದರೆ ಕೆಮ್ಮೆಂದರೂ ಕೇಳದೆ ಅಂದು ಅವನನ್ನು ಕರೆದವಳು ತಾನೇ! ಜಗಲಿಯ ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಹೇಳಲು ಹೋಗಿ ಅವನೂ ಅತ್ತ.

"ನನ್ ಕಂಡ್ರೆ ನಿಂಗೆ ಅಮ್ಮನ ನೆನಪಾತಿಲ್ಯಾ?" ಎಂದ ಕೊನೆಗೆ.

"ಆತ್ತ್... ಆದ್ರೆ ಒಬ್ಳೇ ಕೂತ್ ನೆನೆಸ್ಕಂಬುಕೆ ನಂಗ್ ಆತಿಲ್ಲೆ."

"ಹಂಗಾರೆ... ನಾನ್ ಜೊತೆಗಿರ್ಲಾ?"

ಅವಳು ಕಣ್ಣೊರೆಸಿಕೊಂಡು ಮೆಲ್ಲನೆ ಅವನ ಬೆರಳು ಹಿಡಿದಳು.

"ಇರಿ..."