ಐದನೇ ಸಲ ಬಂದ ಮೋಟಾರ್

"ಮತ್ತೆ ನಿಂತೋಯ್ತು ಕಣ್ರೀ," ಅಂತ ಆ ದೋಣಿಯವನು ತನ್ನ ಅಜ್ಜನ ಕಾಲದ ಮೋಟಾರನ್ನು ಹೆಗಲಿಂದ ನಮ್ಮ ರಿಪೇರಿ ಅಂಗಡಿಯ ಮೇಜಿನ ಮೇಲೆ ಇಳಿಸಿದಾಗ ನನಗೆ ಮೈಯೆಲ್ಲಾ ಉರಿದುಹೋಯ್ತು. ಒಂದೇ ತಿಂಗಳಲ್ಲಿ ಐದನೇ ಸಲ!

"ಹತ್ತು ನಿಮಿಷ ಚೆನ್ನಾಗಿ ಓಡುತ್ತೆ. ಆಮೇಲೆ ಕೆಮ್ಮಿ ಕೆಮ್ಮಿ ನಿಲ್ಲುತ್ತೆ." ಹೇಳುವಾಗ ಅವನ ಕಣ್ಣು ಮೋಟಾರಿನ ಮೇಲಿರಲಿಲ್ಲ. ನನ್ನ ಕೆನ್ನೆಗೆ ಮೆತ್ತಿದ್ದ ಗ್ರೀಸಿನ ಮೇಲಿತ್ತು.

"ಇಲ್ಲೇನು ನೋಡ್ತೀರಿ? ನನ್ನ ಮುಖಕ್ಕೇನೂ ರಿಪೇರಿ ಬೇಕಿಲ್ಲ."

"ಗೊತ್ತು," ಅಂದ. ಎಷ್ಟು ಕೊಬ್ಬು ನೋಡಿ!

ಪ್ಲಗ್ ಬದಲಾಯಿಸಿದ್ದೆ, ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದೆ. ಅಂಗಡಿಯ ನೀರಿನ ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಓಡುವ ಮೋಟಾರು ಅವನ ದೋಣಿಯಲ್ಲಿ ಮಾತ್ರ ಮುಷ್ಕರ ಹೂಡುತ್ತಿತ್ತು. ದಡದ ತುಂಬಾ ಒಂದೇ ಮಾತು: "ಹುಡುಗಿ ಕೈಗೆ ಕೊಟ್ಟರೆ ಹೀಗೇ." ಹಳೇ ಗಿರಾಕಿಗಳಾದ ಮೀನಿನವರು ಆಚೆ ದಡದ ಮೆಕ್ಯಾನಿಕ್ ಹತ್ತಿರ ಹೋಗತೊಡಗಿದ್ದರು. ಕೈ ನಡುಗುವ ಅಪ್ಪ ನಿನ್ನೆ ಮೆಲ್ಲಗೆ ಅಂದಿದ್ದರು: "ಈ ವಾರ ನೋಡೋಣ ಮಗಳೇ. ಆಮೇಲೆ ಅಂಗಡಿ ಮುಚ್ಚಿಬಿಡೋಣ."

"ನಡೀರಿ ದೋಣಿಗೆ. ಅದು ನಿಲ್ಲೋದನ್ನ ನಾನೇ ಕಣ್ಣಾರೆ ನೋಡ್ತೀನಿ," ಅಂದೆ.

ಅವನ ಮುಖ ಕಪ್ಪಿಟ್ಟಿತು. "ಅಯ್ಯೋ, ನೀವ್ಯಾಕೆ ಸುಮ್ನೆ..."

"ನಡೀರಿ ಅಂದೆ!"

ನಾನೇ ಮೋಟಾರನ್ನು ದೋಣಿಗೆ ಬಿಗಿದು, ಅದಕ್ಕೆ ಅಂಟಿಕೊಂಡೇ ಕೂತೆ. ಸರಿಯಾಗಿ ಹತ್ತು ನಿಮಿಷಕ್ಕೆ, ನಡುನೀರಿನಲ್ಲಿ, ಕೆಮ್ಮಿ ನಿಂತಿತು. ಆಗ ಕಣ್ಣಿಗೆ ಬಿತ್ತು, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ ಪುಟ್ಟ ಗಾಳಿ ಸ್ಕ್ರೂ. ಹೊತ್ತು ತರುವಾಗ ಪೆಟ್ರೋಲ್ ಚೆಲ್ಲದಿರಲಿ ಅಂತ ಎಲ್ಲರೂ ಅದನ್ನು ಬಿಗಿಯುತ್ತಾರೆ. ಓಡಿಸುವಾಗ ತೆರೆಯದಿದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯೋದೇ ನಿಲ್ಲುತ್ತೆ. ಅಂಗಡಿಯಲ್ಲಿ ನಾನು ಅಭ್ಯಾಸಬಲದಿಂದ ತೆರೆಯುತ್ತಿದ್ದೆ, ಅನುಮಾನವೇ ಬಂದಿರಲಿಲ್ಲ. ಈಗ ಸಡಿಲಿಸಿದೆ. ಸುಯ್ ಅಂತ ಗಾಳಿ ಒಳಗೆ ಹೋಯ್ತು. ಹಗ್ಗ ಎಳೆದೆ, ಒಂದೇ ಎಳೆತಕ್ಕೆ ಹೊತ್ತಿಕೊಂಡಿತು.

"ಇದನ್ನ ತೆರೀಬೇಕು ಅಂತ ಗೊತ್ತಿಲ್ವಾ?"

"ಮೊದಲೆರಡು ಸಲ ಗೊತ್ತಿರಲಿಲ್ಲ. ಆಮೇಲೆ ಚಿಕ್ಕಪ್ಪ ತೋರಿಸಿಕೊಟ್ಟ."

"ಮತ್ತೆ?"

"ಮೋಟಾರ್ ಓಡಿಬಿಟ್ರೆ," ಅಂದ ತಲೆ ತಗ್ಗಿಸಿ, "ನಿಮ್ಮ ಹತ್ರ ಬರೋಕೆ ನೆಪ ಎಲ್ಲಿಂದ ತರಲಿ?"

ಒಳಗೊಳಗೇ ಹಿಗ್ಗಾಯ್ತು, ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಅದಕ್ಕಿಂತ ಮುಂಚೆ ಸಿಟ್ಟು ನೆತ್ತಿಗೇರಿತ್ತು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ನಿನ್ನ ನೆಪದಿಂದ ನಮ್ಮಪ್ಪ ಅಂಗಡಿ ಮುಚ್ಚೋಕೆ ಹೊರಟಿದ್ದಾರೆ, ಗೊತ್ತೇನೋ? ಕೆಲಸ ಬರದವಳು ಅಂತಾರೆ ನನ್ನ!" ಹಾಳು ಕಣ್ಣೀರು ಆಗಲೇ ಬರಬೇಕೇ?

ಅವನು ಬಿಳಿಚಿಕೊಂಡ. "ದೇವರಾಣೆ, ನನಗೆ ಹೊಳೀಲೇ ಇಲ್ಲ..."

"ತಿರುಗಿಸು ದೋಣಿ. ಇದನ್ನೇ ದಡದಲ್ಲಿ ಎಲ್ಲರ ಮುಂದೆ ಹೇಳು."

ದಡದಲ್ಲಿ ಮೀನಿನವರು ಬಲೆ ಹೊಲಿಯುತ್ತಿದ್ದರು. ಅವನು ದೋಣಿಯಲ್ಲೇ ನಿಂತು ಕೂಗಿ ಹೇಳಿದ: "ಮೋಟಾರಿಗೆ ಏನೂ ಆಗಿರಲಿಲ್ಲ. ಗಾಳಿ ಸ್ಕ್ರೂ ನಾನೇ ಮೊದಲು ಗೊತ್ತಿಲ್ಲದೆ, ಆಮೇಲೆ ಬೇಕಂತ ಮುಚ್ಚಿಡ್ತಿದ್ದೆ. ಇವರ ಕೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ."

"ಯಾಕಯ್ಯಾ? ತಲೆ ಕೆಟ್ಟಿತ್ತಾ?" ಅಂದರು ಹಿರಿಯ ಮೀನುಗಾರರೊಬ್ಬರು.

ಸುಳ್ಳು ಹೇಳಬಹುದಿತ್ತು. ಕಿವಿಯವರೆಗೂ ಕೆಂಪಾಗಿ, "ಇವರನ್ನ ನೋಡೋಕೆ," ಅಂದುಬಿಟ್ಟ.

ದಡವೆಲ್ಲಾ ಗೊಳ್ಳೆಂದಿತು. ಅಂಗಡಿ ಬಾಗಿಲಲ್ಲಿ ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾಳೆ ನನ್ನ ಮೋಟಾರ್ ತರ್ತೀನಮ್ಮ," ಅಂದರು ಆ ಹಿರಿಯರು. ನಾನು ತಿರುಗಿ ನೋಡದೆ ಅಂಗಡಿ ಕಡೆ ನಡೆದೆ.

"ಇನ್ನು ಬರಬಾರದಾ ನಾನು?" ಹಿಂದಿನಿಂದ ಅವನ ದನಿ.

"ಆ ಮೋಟಾರ್ ತಂದರೆ ಕಾಲು ಮುರೀತೀನಿ," ಅಂದೆ. "ಬರೋದಿದ್ರೆ ಬರಿಗೈಲಿ ಬಾ."